ನಾಲ್ಕು ವರ್ಷದ ಪಗಾರ, ನಲವತ್ತು ವರ್ಷದ ಬದುಕು

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಆ ವರ್ಷದ ಕೊನೆಗೆ ಮತ್ತು 2023ರ ಆರಂಭಕ್ಕೆ ತರಬೇತಿಗೆ ಸೇರಿದ ಮೊದಲ ಅಗ್ನಿವೀರರು 2026ರ ಕೊನೆಯಿಂದ ತಮ್ಮ ನಾಲ್ಕು ವರ್ಷ ಮುಗಿಸತೊಡಗುತ್ತಾರೆ. ನಿಯಮದ ಪ್ರಕಾರ ಅವರಲ್ಲಿ ಹೆಚ್ಚೆಂದರೆ ಶೇ. 25 ಜನ ಸೈನ್ಯದಲ್ಲಿ ಉಳಿಯುತ್ತಾರೆ. ಉಳಿದವರು ಇಪ್ಪತ್ತೆರಡು, ಇಪ್ಪತ್ತಮೂರನೇ ವಯಸ್ಸಿಗೆ ಸಮವಸ್ತ್ರ ಕಳಚಿ ಊರಿಗೆ ಬರುತ್ತಾರೆ. ಅವರ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬ ಲೆಕ್ಕವನ್ನು ಟಿವಿ ಚರ್ಚೆಯ ಕೂಗಾಟಕ್ಕೆ ಬಿಡದೆ ನಾವೇ ಒಮ್ಮೆ ಹಾಳೆಯ ಮೇಲೆ ಬರೆದು ನೋಡಬೇಕು. ಏಕೆಂದರೆ ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಭರ್ತಿಗೆ ಹೋಗಬೇಕೆಂದು ಓಡುತ್ತಿರುವ ಗೆಳೆಯರು ಪ್ರತಿ ವಿಭಾಗದಲ್ಲೂ ಇದ್ದಾರೆ.

ಈ ಲೇಖನ ಯಾರನ್ನೂ ಸೈನ್ಯಕ್ಕೆ ಹೋಗಬೇಡಿ ಎಂದು ತಡೆಯುವುದಕ್ಕೆ ಬರೆದದ್ದಲ್ಲ. ಹೋಗುವವರು ಲೆಕ್ಕ ತಿಳಿದು ಹೋಗಲಿ ಎಂಬುದು ಒಂದು ಆಸೆ. ಹೋಗದೆ ಊರಲ್ಲಿ ಉಳಿಯುವ ನಾವು ಅವರ ಪರವಾಗಿ ಕೆಲವು ಪ್ರಶ್ನೆ ಕೇಳಬೇಕು ಎಂಬುದು ಇನ್ನೊಂದು.

ನಮ್ಮ ಭಾಗದ ಹುಡುಗರು ಏಕೆ ಹೋಗುತ್ತಾರೆ?

ಬೆಳಗಾವಿ ಜಿಲ್ಲೆಗೆ ಸೈನ್ಯ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ನೂರು ವರ್ಷಗಳಿಂದ ಬೆಳಗಾವಿಯಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಭರ್ತಿ ರ್‍ಯಾಲಿ ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ರಾತ್ರೋರಾತ್ರಿ ಗಾಡಿ ಹಿಡಿದು ಹೋಗುವ ರೂಢಿ ನಮ್ಮ ಅಣ್ಣಂದಿರ ಕಾಲದಿಂದಲೂ ಇದೆ. ದೇಶಪ್ರೇಮ ಅದರಲ್ಲಿ ಖಂಡಿತ ಇದೆ. ಆದರೆ ಮನೆಯ ಲೆಕ್ಕವೂ ಅಷ್ಟೇ ಇದೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಪಡಬೇಕಾಗಿಲ್ಲ.

ನಾಗನೂರಿನ ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಕಬ್ಬು. ಘಟಪ್ರಭಾ ಕಾಲುವೆಯ ನೀರು ಬಂದ ಮೇಲೆ ನಮ್ಮ ಬದುಕು ಕಬ್ಬಿನ ಮೇಲೆ ನಿಂತಿದೆ. 2025ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ಹಗಲು ರಾತ್ರಿ ಕುಳಿತದ್ದನ್ನು ನಾವೆಲ್ಲ ನೋಡಿದ್ದೇವೆ. ಟನ್ನಿಗೆ 3,500 ರೂಪಾಯಿ ಕೇಳಿದರು, ಕೊನೆಗೆ 3,300 ರೂಪಾಯಿಗೆ ಒಪ್ಪಂದವಾಯಿತು. ಒಂದು ಎಕರೆಗೆ 40 ಟನ್ ಬಂದಿತು ಎಂದು ಹಿಡಿಯಿರಿ. 1 ಲಕ್ಷ 32 ಸಾವಿರ ಆಯಿತು. ಬೀಜ, ಗೊಬ್ಬರ, ಆಳು, ಕರೆಂಟು, ಸಾಲದ ಕಂತು ಎಲ್ಲ ಇದರಲ್ಲೇ ಹೋಗಬೇಕು. ಬೆಳೆ ಕೈಗೆ ಬರಲು ವರ್ಷ ಬೇಕು, ಬಿಲ್ ಕೈಗೆ ಬರಲು ಇನ್ನಷ್ಟು ದಿನ ಬೇಕು. ಅಣ್ಣ ತಮ್ಮಂದಿರು ಭಾಗ ಮಾಡಿಕೊಂಡು ಎರಡು ಎಕರೆ, ಒಂದು ಎಕರೆಗೆ ಇಳಿದ ಮನೆಗಳೇ ಹೆಚ್ಚು. ಭೂಮಿಯೇ ಇಲ್ಲದವರ ಮನೆಯ ಮಾತು ಬೇರೆ. ಟ್ರ್ಯಾಕ್ಟರ್ ಓಡಿಸುವುದು, ಗ್ಯಾರೇಜು, ಗೌಂಡಿ ಕೆಲಸ, ಗೋಕಾಕದ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಇವೇ ಪಿಯುಸಿ ಮುಗಿಸಿದವನ ಮುಂದಿರುವ ದಾರಿಗಳು.

ಹೀಗಿರುವಾಗ ಹದಿನೆಂಟರ ಹುಡುಗನಿಗೆ ತಿಂಗಳಿಗೆ 30,000 ರೂಪಾಯಿ, ಊಟ, ವಸತಿ, ಬಟ್ಟೆ ಸಮೇತ ಎಂದರೆ ಅದು ದೊಡ್ಡ ಮಾತು. ಮುಂಜಾನೆ ನಾಲ್ಕೂವರೆಗೆ ಎದ್ದು 1.6 ಕಿಲೋಮೀಟರ್ ಓಟದ ಸಮಯ ನೋಡಿಕೊಳ್ಳುವ ಹುಡುಗನಿಗೆ ಅರ್ಥಶಾಸ್ತ್ರದ ಪುಸ್ತಕ ಬೇಕಿಲ್ಲ, ತನ್ನ ದುಡಿಮೆಗೆ ಹೊರಗೆ ಎಷ್ಟು ಬೆಲೆ ಇದೆ, ಸೈನ್ಯದಲ್ಲಿ ಎಷ್ಟಿದೆ ಎಂಬುದು ಅವನಿಗೆ ಗೊತ್ತು.

ಪಗಾರದ ಲೆಕ್ಕ

ಅಗ್ನಿವೀರನ ಒಟ್ಟು ಮಾಸಿಕ ವೇತನ ಮೊದಲ ವರ್ಷ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಶೇ. 30ನ್ನು ಹಿಡಿದು ನಿಧಿಗೆ ಹಾಕುತ್ತಾರೆ. ಕೈಗೆ ಬರುವುದು ಕ್ರಮವಾಗಿ 21,000, 23,100, 25,550 ಮತ್ತು 28,000. ನಾಲ್ಕು ವರ್ಷದಲ್ಲಿ ಕೈಗೆ ಬಂದದ್ದನ್ನು ಕೂಡಿಸಿದರೆ 11 ಲಕ್ಷ 71 ಸಾವಿರದ 800 ರೂಪಾಯಿ ಆಗುತ್ತದೆ. ನಿಧಿಗೆ ಅವನು ಹಾಕಿದ್ದು 5.02 ಲಕ್ಷ, ಸರ್ಕಾರ ಅಷ್ಟೇ ಸೇರಿಸುತ್ತದೆ. ಬಡ್ಡಿ ಸೇರಿ ಕೊನೆಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಎಂದು ಒಟ್ಟಿಗೆ ಸಿಗುತ್ತದೆ. ಇದಕ್ಕೆ ಆದಾಯ ತೆರಿಗೆ ಇಲ್ಲ. ಕಷ್ಟದ ಜಾಗದಲ್ಲಿ ಕೆಲಸ ಮಾಡಿದರೆ ಅದರ ಭತ್ಯೆ ಬೇರೆ.

ಈಗ ಖಾಯಂ ಸಿಪಾಯಿಯನ್ನು ನೋಡಿ. ಏಳನೇ ವೇತನ ಆಯೋಗದ ಪ್ರಕಾರ ಅವನ ಆರಂಭದ ಮೂಲ ವೇತನ 21,700, ಮಿಲಿಟರಿ ಸೇವಾ ವೇತನ 5,200. ಈ ಎರಡರ ಮೇಲೂ ತುಟ್ಟಿಭತ್ಯೆ ಇದೆ. 2025ರ ಜುಲೈಯಿಂದ ತುಟ್ಟಿಭತ್ಯೆ ಶೇ. 58 ಇತ್ತು. ಆ ದರದಲ್ಲಿ ಲೆಕ್ಕ ಹಾಕಿದರೆ ಉಳಿದ ಭತ್ಯೆ ಬಿಟ್ಟು ಸುಮಾರು 42,500 ಆಗುತ್ತಿತ್ತು. ಅದೇ ಕಂದಕದಲ್ಲಿ, ಅದೇ ಬಂದೂಕು ಹಿಡಿದು ನಿಂತ ಅಗ್ನಿವೀರನಿಗೆ ಮೊದಲ ವರ್ಷ 30,000. ಅವನಿಗೆ ತುಟ್ಟಿಭತ್ಯೆಯೂ ಇಲ್ಲ, ಮಿಲಿಟರಿ ಸೇವಾ ವೇತನವೂ ಇಲ್ಲ. 2022ರಲ್ಲಿ ಗೊತ್ತುಮಾಡಿದ ಮೊತ್ತ ಗೊತ್ತುಮಾಡಿದ್ದೇ. ಎಣ್ಣೆ, ಬೇಳೆ, ಅಕ್ಕಿಯ ದರ ಏರಿದರೆ ಎಲ್ಲ ಸರ್ಕಾರಿ ನೌಕರರಿಗೂ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ. ಗಡಿಯಲ್ಲಿ ನಿಂತವನ ಮನೆಯವರೂ ಅದೇ ಸಂತೆಯಲ್ಲೇ ಬೇಳೆ ಕೊಳ್ಳುತ್ತಾರಲ್ಲ?

ಪಿಂಚಣಿಯ ಲೆಕ್ಕ

ಖಾಯಂ ಸಿಪಾಯಿಗೆ 15 ವರ್ಷ ಸೇವೆ ಆದ ಮೇಲೆ ಪಿಂಚಣಿ ಸಿಗುತ್ತದೆ. ಅಗ್ನಿವೀರನಿಗೆ ಪಿಂಚಣಿ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನಮಾನ, ಅದರ ಜೊತೆಗಿನ ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಸೌಲಭ್ಯ ಯಾವುದೂ ಇಲ್ಲ.

ಪಿಂಚಣಿಯ ಬೆಲೆ ಎಷ್ಟು ಎಂಬುದನ್ನು ಸರಳವಾಗಿ ಹೀಗೆ ನೋಡಬಹುದು. ತಿಂಗಳಿಗೆ 20,000 ಪಿಂಚಣಿ ಎಂದು ಹಿಡಿಯೋಣ. ಅಷ್ಟೇ ಹಣ ಬ್ಯಾಂಕಿನಿಂದ ಬರಬೇಕಾದರೆ ಶೇ. 7ರ ದರದಲ್ಲಿ 34 ಲಕ್ಷಕ್ಕೂ ಹೆಚ್ಚು ಠೇವಣಿ ಇಡಬೇಕು. ಸೇವಾ ನಿಧಿಯ 11.71 ಲಕ್ಷವನ್ನು ಅದೇ ದರದಲ್ಲಿ ಇಟ್ಟರೆ ತಿಂಗಳಿಗೆ ಬರುವುದು ಸುಮಾರು 6,800. ನಮ್ಮಲ್ಲಿ ಅನೇಕ ಮನೆಗಳಲ್ಲಿ ಬಡ್ಡಿ ಮುಟ್ಟುವುದಿಲ್ಲ, ಅಂಥವರು ಈ ಹಣವನ್ನು ಅಂಗಡಿಗೋ ಎಮ್ಮೆಗೋ ಜಮೀನಿಗೋ ಹಾಕುತ್ತಾರೆ. ಇಲ್ಲಿ ಬಡ್ಡಿ ಹಿಡಿದದ್ದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮಾತ್ರ.

‘ಅವನು 15 ವರ್ಷ ದುಡಿದಿದ್ದಾನೆ, ಇವನು ನಾಲ್ಕೇ ವರ್ಷ, ಹೋಲಿಕೆ ಹೇಗೆ?’ ಎಂದು ನಮ್ಮ ತರಗತಿಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾದರೆ ವರ್ಷಕ್ಕೆ ಎಷ್ಟು ಎಂದು ಭಾಗಿಸೋಣ. 34 ಲಕ್ಷದ ಪಿಂಚಣಿಯನ್ನು 15ರಿಂದ ಭಾಗಿಸಿದರೆ ಸೇವೆಯ ಪ್ರತಿ ವರ್ಷಕ್ಕೆ ಸುಮಾರು 2.3 ಲಕ್ಷ. ಸೇವಾ ನಿಧಿಯಲ್ಲಿ ಅರ್ಧ ಹುಡುಗನದೇ ಹಣ, ಸರ್ಕಾರ ಹಾಕಿದ್ದು 5.02 ಲಕ್ಷ. ಅದನ್ನು ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 1.25 ಲಕ್ಷ. ಅಂದರೆ ವರ್ಷದ ಲೆಕ್ಕದಲ್ಲಿ ನೋಡಿದರೂ ಅಗ್ನಿವೀರನಿಗೆ ಸಿಗುವುದು ಸುಮಾರು ಅರ್ಧ. ಇದರ ಮೇಲೆ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತಾ ಹೋಗುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದೇ ಇಲ್ಲ.

ಸರ್ಕಾರದ ಕಡೆಯ ಮಾತು

ಸರ್ಕಾರಕ್ಕೂ ಒಂದು ಲೆಕ್ಕ ಇದೆ, ಅದನ್ನೂ ಕೇಳಬೇಕು. 2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಕೊಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಇದರಲ್ಲಿ ಪಿಂಚಣಿಗೆ ಸುಮಾರು 1.61 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಸುಮಾರು 24 ರೂಪಾಯಿ ಪಿಂಚಣಿಗೆ ಹೋದರೆ ವಿಮಾನ, ಹಡಗು, ತೋಪುಗಳಿಗೆ ಕೊರತೆ ಬೀಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಇನ್ನೊಂದು ಕಾರಣ ವಯಸ್ಸು. ನಮ್ಮ ಸೈನಿಕರ ಸರಾಸರಿ ವಯಸ್ಸು 32 ಆಗಿದೆ, ಅದನ್ನು 26ಕ್ಕೆ ಇಳಿಸಬೇಕು ಎಂದು ಸೇನೆ ಹೇಳಿತು. ಹಿಮಾಲಯದ ಎತ್ತರದಲ್ಲಿ ಯುದ್ಧ ಮಾಡಲು ಎಳೆಯ ದೇಹ ಬೇಕು, ಕಾರ್ಗಿಲ್‌ನಲ್ಲಿ ಅದನ್ನು ದೇಶ ಕಂಡಿದೆ.

ಇದರ ಜೊತೆ ಒಂದು ಸರಳ ಪ್ರಶ್ನೆ ಇದೆ. ಪಿಂಚಣಿಯ ಹೊರೆ ಅಗ್ನಿಪಥದಿಂದ ಯಾವಾಗ ಇಳಿಯುತ್ತದೆ? 2022ರಲ್ಲಿ ಹಳೆಯ ರೀತಿಯಲ್ಲಿ ಸೇರಿದ್ದರೂ ಆ ಸಿಪಾಯಿಗೆ ಪಿಂಚಣಿ ಶುರುವಾಗುತ್ತಿದ್ದದ್ದು 15 ವರ್ಷ ಕಳೆದು, ಅಂದರೆ 2037ರಲ್ಲಿ. ಅಲ್ಲಿಯವರೆಗೆ ಪಿಂಚಣಿ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಈ ಯೋಜನೆಯಿಂದ ಉಳಿಯುವುದಿಲ್ಲ. ಈಗ ಪಿಂಚಣಿ ಪಡೆಯುತ್ತಿರುವವರು ಹಿಂದೆ ಸೇರಿದವರು. ಆ ಮೊತ್ತದಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರ ಪಿಂಚಣಿಯೂ ಸೇರಿದೆ. ಆದ್ದರಿಂದ ‘ಪಿಂಚಣಿ ಉಳಿಸಿ ನಾಳೆಯೇ ತೋಪು ಕೊಳ್ಳುತ್ತೇವೆ’ ಎಂಬ ವಾದ ನಿಲ್ಲುವುದಿಲ್ಲ. ನಿಧಾನವಾಗಿ, ಯೋಚಿಸಿ ಮಾಡಲು ಸಮಯ ಇತ್ತು. ಕೊರೊನಾದಿಂದಾಗಿ 2020ರಿಂದ ಎರಡು ವರ್ಷ ಭರ್ತಿ ನಿಂತಿತ್ತು. ದೈಹಿಕ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಪಾಸಾಗಿ ಲಿಖಿತ ಪರೀಕ್ಷೆಗೆ ಕಾದು ಕುಳಿತ ಹುಡುಗರಿಗೆ ಹಳೆಯ ಭರ್ತಿಯೇ ರದ್ದು ಎಂದು ತಿಳಿದದ್ದು ಅಗ್ನಿಪಥದ ಜೊತೆಗೆ. ಬಿಹಾರದಿಂದ ಸಿಕಂದರಾಬಾದ್‌ವರೆಗೆ ಎದ್ದ ಸಿಟ್ಟಿಗೆ, ನಮ್ಮ ಧಾರವಾಡದಲ್ಲಿ ಯುವಕರು ಬೀದಿಗೆ ಬಂದದ್ದಕ್ಕೆ ಇದೂ ಕಾರಣ. ರೈಲಿಗೆ ಬೆಂಕಿ ಇಟ್ಟದ್ದು ತಪ್ಪು. ಆದರೆ ವಯಸ್ಸು ಮೀರಿಹೋದ ಹುಡುಗನ ಎರಡು ವರ್ಷವನ್ನು ಯಾರೂ ವಾಪಸು ಕೊಡಲಿಲ್ಲ. ದಿಲ್ಲಿ ಹೈಕೋರ್ಟು, ಬಳಿಕ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಯೋಜನೆಯನ್ನು ಎತ್ತಿಹಿಡಿದವು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇದು ಜಾಣ ನೀತಿಯೇ ಎಂಬ ಪ್ರಶ್ನೆ ಇನ್ನೂ ನಮ್ಮದೇ.

ತರಬೇತಿ ಕೊಟ್ಟು ಮನೆಗೆ ಕಳಿಸುವುದು

ನಿಜವಾದ ತೊಂದರೆ ಇರುವುದು ಪಗಾರಕ್ಕಿಂತ ಹೆಚ್ಚಾಗಿ ಶೇ. 25 ಎಂಬ ಅಂಕಿಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಬೇರೆ ದೇಶದ ಒಂದು ಉದಾಹರಣೆ ನೋಡಿ. ಅಮೆರಿಕದಲ್ಲಿ 1973ರವರೆಗೆ ಕಡ್ಡಾಯ ಸೈನ್ಯ ಸೇವೆ ಇತ್ತು. ವಾಲ್ಟರ್ ಓಯಿ ಎಂಬ ಅರ್ಥಶಾಸ್ತ್ರಜ್ಞ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಕಡ್ಡಾಯ ಸೇವೆ ಅಗ್ಗ ಎಂದು ತೋರಿದರೂ ಅದರ ಖರ್ಚು ಎಳೆಯ ಹುಡುಗರ ತಲೆಯ ಮೇಲೆ ಮುಚ್ಚಿಟ್ಟ ತೆರಿಗೆಯಂತೆ ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಮಿಲ್ಟನ್ ಫ್ರೀಡ್‌ಮನ್ ಕೂಡ ಅದೇ ವಾದ ಮಾಡಿದರು. ಬಲವಂತದಿಂದ ಬಂದವನು ಎರಡು ವರ್ಷಕ್ಕೆ ಹೊರಟುಹೋಗುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬನಿಗೆ ಮೊದಲಿನಿಂದ ಕಲಿಸಬೇಕು, ಕಲಿಸುವ ಖರ್ಚು ಮುಗಿಯುವುದೇ ಇಲ್ಲ. ಇಷ್ಟಪಟ್ಟು ಬಂದವನಿಗೆ ಸರಿಯಾದ ಸಂಬಳ ಕೊಟ್ಟು ಉಳಿಸಿಕೊಂಡರೆ ಕಲಿಸುವ ಖರ್ಚು ಕಡಿಮೆ, ಕೆಲಸ ಹೆಚ್ಚು. ಕಡ್ಡಾಯ ಸೇವೆ ನಿಂತ ಮೇಲೆ ಅಲ್ಲಿಯ ಸೈನ್ಯ ಅನುಭವಿ ಸೈನಿಕ ಹೊರಟುಹೋಗದಂತೆ ಬೋನಸ್ ಕೊಟ್ಟು ಮರುಸೇರ್ಪಡೆ ಮಾಡಿಸಿಕೊಳ್ಳುತ್ತದೆ.

ನಮ್ಮಲ್ಲಿ ಪರಿಸ್ಥಿತಿ ತಿರುವುಮುರುವು. ಉಳಿಯುತ್ತೇನೆ ಎನ್ನುವ ನಾಲ್ವರಲ್ಲಿ ಮೂವರನ್ನು ನಾವೇ ಕಳಿಸುತ್ತೇವೆ. ಮೊದಲ ವರ್ಷ ಪ್ರಕಟಿಸಿದ 46,000 ಹುದ್ದೆಗಳನ್ನೇ ತೆಗೆದುಕೊಳ್ಳಿ. 11,500 ಜನ ಉಳಿದರೆ 34,500 ಜನ ಹೊರಗೆ. ನಾಲ್ಕು ವರ್ಷದಲ್ಲಿ ಸುಮಾರು ಆರು ತಿಂಗಳು ತರಬೇತಿ, ವರ್ಷಕ್ಕೆ 30 ದಿನ ರಜೆ. ಇವನ್ನು ಕಳೆದರೆ ಹುಡುಗ ಪೂರ್ಣ ಸೈನಿಕನಾಗಿ ದುಡಿಯುವುದು ಮೂರು ವರ್ಷಕ್ಕೆ ತುಸು ಹೆಚ್ಚು. ಕೆಲಸ ಕೈಗೆ ಹತ್ತುವ ಹೊತ್ತಿಗೆ ವಿದಾಯದ ಕಾಗದ ಬರುತ್ತದೆ. ನಮ್ಮ ಊರಿನ ಗ್ಯಾರೇಜಿನಲ್ಲಿಯೂ ಕೆಲಸ ಕಲಿತ ಹುಡುಗನನ್ನು ಮಾಲೀಕರು ಹೀಗೆ ಬಿಟ್ಟುಕೊಡುವುದಿಲ್ಲ.

ಹಾಗೆಂದು ಎಲ್ಲರನ್ನೂ ನಿವೃತ್ತಿಯವರೆಗೆ ಇಟ್ಟುಕೊಳ್ಳಿ ಎಂದರೆ ವಯಸ್ಸಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಇದಕ್ಕೆ ಉತ್ತರ ಹೊಸದಾಗಿ ಹುಡುಕಬೇಕಾಗಿಲ್ಲ. ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ ಸೈನ್ಯ ಎಳೆಯದಾಗಿರಬೇಕು ಎಂದು ಹೇಳಿತ್ತು. ಅದಕ್ಕೆ ಅದು ಸೂಚಿಸಿದ ದಾರಿ, ಸೈನ್ಯದಲ್ಲಿ 7ರಿಂದ 10 ವರ್ಷ ಸೇವೆ, ಬಳಿಕ ಅವರನ್ನು ಅರೆಸೇನಾ ಪಡೆಗಳಿಗೆ ಕೊಡುವುದು. ಸಮಿತಿ ಹೇಳಿದ ಮೊದಲ ಮಾತನ್ನು ಅಗ್ನಿಪಥ ತೆಗೆದುಕೊಂಡಿತು, ವರ್ಷಗಳನ್ನು ನಾಲ್ಕಕ್ಕೆ ಇಳಿಸಿತು, ಎರಡನೇ ಮಾತನ್ನು ಅರ್ಧಕ್ಕೆ ಬಿಟ್ಟಿತು. 2022ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇ. 10 ಮೀಸಲು ಇಡುತ್ತೇವೆ ಎಂದು ಸರ್ಕಾರ ಹೇಳಿತು. 2025ರ ಡಿಸೆಂಬರ್‌ನಲ್ಲಿ ಗಡಿ ಭದ್ರತಾ ಪಡೆಯ ಕಾನ್‌ಸ್ಟೆಬಲ್ ಹುದ್ದೆಗಳಲ್ಲಿ ಈ ಪಾಲನ್ನು ಶೇ. 50ಕ್ಕೆ ಏರಿಸಿತು. ಇದು ಒಳ್ಳೆಯ ಹೆಜ್ಜೆ, ಕೇಳಿದ್ದಕ್ಕೆ ಫಲ ಸಿಗುತ್ತದೆ ಎಂಬುದಕ್ಕೂ ಸಾಕ್ಷಿ. ಆದರೆ ಮೀಸಲಾತಿ ಎಂದರೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ, ಮತ್ತೆ ಕಾಯುವಿಕೆ. ನೇರ ವರ್ಗಾವಣೆ ಬೇರೆಯೇ ಮಾತು.

ಪ್ರಾಣದ ಬೆಲೆ

ಲೆಕ್ಕದಲ್ಲಿ ಬರೆಯಲು ಕೈ ನಡುಗುವ ಒಂದು ಸಾಲೂ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಸಿಲುಕಿ ಜೀವಂತ ಸಿಕ್ಕು, ಬಳಿಕ ದಿಲ್ಲಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ಆಗ ನಾವು ಚಿಕ್ಕ ಮಕ್ಕಳು, ಆದರೂ ಊರೂರಲ್ಲಿ ಪ್ರಾರ್ಥನೆ ನಡೆದದ್ದು ನೆನಪಿದೆ. ಅದೇ ಸಿಯಾಚಿನ್‌ನಲ್ಲಿ 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಒಬ್ಬ ಅಗ್ನಿವೀರ ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ. ಹಿಮಕ್ಕೆ ಖಾಯಂ ಯಾರು, ಅಗ್ನಿವೀರ ಯಾರು ಎಂಬ ಭೇದ ಗೊತ್ತಿಲ್ಲ.

ಅಗ್ನಿವೀರ ಕರ್ತವ್ಯದಲ್ಲಿ ಮಡಿದರೆ ಕುಟುಂಬಕ್ಕೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ಉಳಿದ ಅವಧಿಯ ವೇತನ ಮತ್ತು ಸೇವಾ ನಿಧಿ ಸಿಗುತ್ತದೆ. ಚಿಕ್ಕ ಮೊತ್ತವಲ್ಲ, ಅದನ್ನು ಒಪ್ಪಬೇಕು. ಆದರೆ ಯುದ್ಧದಲ್ಲಿ ಮಡಿದ ಖಾಯಂ ಸೈನಿಕನ ಮನೆಗೆ ಕೊನೆಯ ವೇತನದಷ್ಟು ಕುಟುಂಬ ಪಿಂಚಣಿ ತಿಂಗಳು ತಿಂಗಳು ಬರುತ್ತದೆ. ಅಗ್ನಿವೀರನ ತಾಯಿಗೆ ಅದಿಲ್ಲ. ಒಟ್ಟಿಗೆ ಬಂದ ಹಣ ನಮ್ಮ ಕಡೆ ಹೇಗೆ ಕರಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಳೆಯ ಸಾಲ, ಒಂದು ಮದುವೆ, ಒಂದು ಮನೆ, ಎರಡು ಸಂಬಂಧಿಕರ ಕೈಗಡ, ಅಲ್ಲಿಗೆ ಮುಗಿಯಿತು. ತಿಂಗಳ ಹಣಕ್ಕೆ ಇರುವ ಭದ್ರತೆ ಅದಕ್ಕಿಲ್ಲ. ಒಂದೇ ಕಾವಲು ಗೋಪುರದಲ್ಲಿ ನಿಂತ ಇಬ್ಬರ ತಾಯಂದಿರಿಗೆ ಎರಡು ನಿಯಮ ಇರಬಾರದು. ಈ ವಿಷಯದಲ್ಲಿ ಮಾತ್ರ ನನಗೆ ಸರ್ಕಾರದ ಯಾವ ಲೆಕ್ಕವೂ ಒಪ್ಪಿಗೆಯಾಗುವುದಿಲ್ಲ.

ನಾವು ಏಕೆ ಕೇಳಬೇಕು?

ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕುಳಿತರು, ಮಾತುಕತೆ ಆಯಿತು, ದರ ಏರಿತು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸಾರಿಗೆ ನೌಕರರು ಬೆಂಗಳೂರಿಗೆ ಹೋಗಿ ಧರಣಿ ಮಾಡುತ್ತಾರೆ. ಸೈನಿಕ ಹಾಗೆ ಮಾಡುವಂತಿಲ್ಲ. ಸಂವಿಧಾನದ 33ನೇ ವಿಧಿ ಸೇನೆಯವರ ಕೆಲವು ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 1950ರ ಸೇನಾ ಕಾಯ್ದೆಯ ಪ್ರಕಾರ ಅವನು ಸಂಘ ಕಟ್ಟುವಂತಿಲ್ಲ, ಪತ್ರಿಕೆಯ ಮುಂದೆ ಮಾತಾಡುವಂತಿಲ್ಲ. ಶಿಸ್ತಿಗೆ ಇದು ಬೇಕು, ಯಾವ ದೇಶವೂ ಧರಣಿ ಕೂರುವ ಸೈನ್ಯವನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ತನ್ನ ಪಗಾರಕ್ಕೆ ತಾನು ಬಾಯಿ ತೆರೆಯಲಾಗದವನ ಪರವಾಗಿ ಮಾತಾಡುವ ಹೊಣೆ ಅವನಿಂದ ಕಾವಲು ಪಡೆದ ನಮ್ಮ ಮೇಲೆ ಬರುತ್ತದೆ. ‘ಜೈ ಜವಾನ್’ ಎಂದು ಸ್ಟೇಟಸ್ ಹಾಕುವುದಕ್ಕೆ ಖರ್ಚಿಲ್ಲ. ನಮ್ಮ ಸಂಸದರು ಮತ ಕೇಳಲು ಊರಿಗೆ ಬಂದಾಗ ಈ ನಾಲ್ಕು ಮಾತು ಕೇಳುವುದಕ್ಕೂ ಖರ್ಚಿಲ್ಲ.

ಒಂದು, ಸೇವಾ ಅವಧಿಯನ್ನು ಕಾರ್ಗಿಲ್ ಸಮಿತಿ ಹೇಳಿದಂತೆ ಕನಿಷ್ಠ 7 ವರ್ಷಕ್ಕೆ ಏರಿಸಿ, ಅಥವಾ ಉಳಿಸಿಕೊಳ್ಳುವ ಪಾಲನ್ನು ಶೇ. 25ರಿಂದ ಅರ್ಧಕ್ಕೆ ತನ್ನಿ. ಎರಡು, ಹೊರಬರುವ ಅಗ್ನಿವೀರ ಅರ್ಹನಾಗಿದ್ದರೆ ಮತ್ತೆ ಪರೀಕ್ಷೆಯ ಸಾಲಿಗೆ ನಿಲ್ಲಿಸದೆ ಅರೆಸೇನಾ ಪಡೆಗೆ, ರಾಜ್ಯ ಪೊಲೀಸಿಗೆ ನೇರವಾಗಿ ತೆಗೆದುಕೊಳ್ಳಿ. ಮೂರು, ವೇತನಕ್ಕೆ ತುಟ್ಟಿಭತ್ಯೆ ಸೇರಿಸಿ. ನಾಲ್ಕು, ಕರ್ತವ್ಯದಲ್ಲಿ ಮಡಿದ ಎಲ್ಲ ಸೈನಿಕರ ಕುಟುಂಬಕ್ಕೂ ಒಂದೇ ಪಿಂಚಣಿ ನಿಯಮ ಇರಲಿ. ಇವಕ್ಕೆ ಹಣ ಬೇಕು ನಿಜ. ಮೊದಲ ಮೂರನ್ನು ಹಂತ ಹಂತವಾಗಿ ಮಾಡಬಹುದು. ನಾಲ್ಕನೆಯದಕ್ಕೆ ಕಾಯಲು ಕಾರಣವೇ ಇಲ್ಲ.

ಭರ್ತಿಗೆ ಹೋಗುವ ಗೆಳೆಯರಿಗೆ

ನೀತಿ ಬದಲಾಗುವವರೆಗೆ ನಮ್ಮ ಗೆಳೆಯರು ಕಾಯುವುದಿಲ್ಲ, ಅವರ ವಯಸ್ಸೂ ಕಾಯುವುದಿಲ್ಲ. ಆದ್ದರಿಂದ ಕೆಲವು ಮಾತು ಅವರಿಗೆ.

ಪಿಯುಸಿ ಬಿಟ್ಟು ಓಡಬೇಡಿ. ಎಸ್ಸೆಸ್ಸೆಲ್ಸಿ ಮೇಲೆ ಜನರಲ್ ಡ್ಯೂಟಿಗೆ ಅವಕಾಶ ಇದೆ, ಹೌದು. ಆದರೆ ವಿಜ್ಞಾನದವರಿಗೆ ಟೆಕ್ನಿಕಲ್, ಪಿಯುಸಿಯಲ್ಲಿ ಶೇ. 60 ಪಡೆದವರಿಗೆ ಕ್ಲರ್ಕ್ ಮತ್ತು ಸ್ಟೋರ್ ಕೀಪರ್ ವಿಭಾಗಗಳಿವೆ. ವಾಣಿಜ್ಯ ವಿಭಾಗದವರು ಇದನ್ನು ಗಮನಿಸಬೇಕು. ನಾಲ್ಕು ವರ್ಷದ ಬಳಿಕ ಹೊರಗೆ ಬಂದಾಗ ಲೆಕ್ಕ, ಕಂಪ್ಯೂಟರ್, ಯಂತ್ರ ಕಲಿತವನಿಗೆ ಕೆಲಸ ಸಿಗುವುದು ಸುಲಭ. ಸೇವೆಯಲ್ಲಿದ್ದಾಗಲೇ ಇಗ್ನೋ ಮೂಲಕ ಪದವಿ ಮಾಡಬಹುದು, ಸೈನ್ಯದಲ್ಲಿ ಕಲಿತ ಕೌಶಲಕ್ಕೆ ಅದರಲ್ಲಿ ಶೇ. 50 ಕ್ರೆಡಿಟ್ ಸಿಗುತ್ತದೆ. ಮೊದಲ ವರ್ಷವೇ ಹೆಸರು ನೋಂದಾಯಿಸಿ.

ಈಗ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದರೆ ಮಾತ್ರ ಓಟ. ಬರೀ ಓಡುವ ಅಭ್ಯಾಸ ಸಾಲದು. 2025ರಿಂದ ಕನ್ನಡ, ಉರ್ದು, ಮರಾಠಿ ಸೇರಿ 13 ಭಾಷೆಗಳಲ್ಲಿ ಬರೆಯುವ ಅವಕಾಶ ಬಂದಿದೆ, ಇಂಗ್ಲಿಷ್ ಭಯದಿಂದ ಹಿಂದೆ ಸರಿಯಬೇಡಿ. ಅರ್ಜಿಗೆ ನಿಮ್ಮ ಪಾಲಿನ ಶುಲ್ಕ 250 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳಿ ‘ನಾನು ಮಾಡಿಸಿಕೊಡ್ತೀನಿ’ ಎನ್ನುವ ಯಾವ ದಲ್ಲಾಳಿಗೂ ಒಂದು ಪೈಸೆ ಕೊಡಬೇಡಿ. ತರಬೇತಿ ಅಕಾಡೆಮಿಗಾಗಿ ಮನೆಯ ಬಂಗಾರ ಅಡವಿಟ್ಟವರನ್ನು ನಾವು ಕಂಡಿದ್ದೇವೆ. ಅದಕ್ಕೂ ಮೊದಲು ಕಣ್ಣು, ಕಿವಿ, ಪಾದ, ಹಲ್ಲುಗಳನ್ನು ಒಬ್ಬ ಡಾಕ್ಟರಿಗೆ ತೋರಿಸಿಕೊಳ್ಳಿ. ವರ್ಷವಿಡೀ ಓಡಿ ವೈದ್ಯಕೀಯ ಪರೀಕ್ಷೆಯಲ್ಲಿ ವಾಪಸಾಗುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ನಮ್ಮ ಸಹಪಾಠಿ ಅಕ್ಕ ತಂಗಿಯರಿಗೂ ಒಂದು ಮಾತು. ಸೇನಾ ಪೊಲೀಸ್ ದಳಕ್ಕೆ ಮಹಿಳೆಯರ ಭರ್ತಿ ಇದೆ. ಬೆಂಗಳೂರಿನ ಕೇಂದ್ರದಿಂದ 83 ಮಹಿಳೆಯರ ಮೊದಲ ತಂಡ 2021ರಲ್ಲೇ ಹೊರಬಂದಿದೆ. ಇಷ್ಟವಿದ್ದವರು ಮನೆಯಲ್ಲಿ ಅಬ್ಬಾ ಅಮ್ಮಿಯ ಜೊತೆ ಕುಳಿತು ಈ ಲೆಕ್ಕವನ್ನೇ ಮುಂದಿಟ್ಟು ಮಾತಾಡಿ.

ಕೊನೆಯದಾಗಿ, ಸೇರಿದ ದಿನವೇ ಐದನೇ ವರ್ಷದ ಯೋಜನೆ ಬರೆದಿಡಿ. ಉಳಿದುಕೊಂಡರೆ ಸಂತೋಷ. ಉಳಿಯದಿದ್ದರೆ ಆ 11.71 ಲಕ್ಷದಲ್ಲಿ ಏನು, ಓದು ಎಲ್ಲಿಗೆ, ಯಾವ ಪರೀಕ್ಷೆ ಎಂಬುದು ಮೊದಲೇ ಗೊತ್ತಿರಲಿ. ಇಷ್ಟವಿಲ್ಲವೆಂದು ನಡುವೆ ಬಿಟ್ಟು ಬರುವುದು ಸುಲಭವಲ್ಲ. ವಿಶೇಷ ಅನುಮತಿ ಬೇಕು, ಆಗ ಸರ್ಕಾರದ ಪಾಲು ಸಿಗುವುದಿಲ್ಲ, ನಿಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೈಗೆ ಬರುತ್ತದೆ.

ಮೊದಲ ತಂಡದ ಹುಡುಗರು ಊರಿಗೆ ಮರಳುವ ಹೊತ್ತಿಗೆ ಅವರನ್ನು ‘ಉಳಿಯದೆ ಬಂದವನು’ ಎಂದು ನೋಡುವ ಬಾಯಿಗಳು ಇರುತ್ತವೆ. ಉಳಿಯದೆ ಬರುವುದು ಅವರ ಸೋಲಲ್ಲ, ನಿಯಮವೇ ಮೂವರಿಗೆ ಹಾಗೆ ಹೇಳಿದೆ. ಅವರಿಗೆ ನಮ್ಮ ಕಾಲೇಜಿನಲ್ಲಿ ಒಂದು ದಿನ ಮಾತಾಡಲು ಕರೆಯೋಣ ಎಂದು ಪ್ರಾಂಶುಪಾಲರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ. ಭರ್ತಿಗೆ ಸಿದ್ಧರಾಗುವವರಿಗೆ ಅವರಿಗಿಂತ ಚೆನ್ನಾಗಿ ಲೆಕ್ಕ ಹೇಳುವವರು ಬೇರೆ ಯಾರೂ ಸಿಗುವುದಿಲ್ಲ.

ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಾಣಿಜ್ಯ ವಿಭಾಗ